ರೇಸ್ ಓಡಿಸುವವರು ರೇಸ್ ನೋಡುವುದು ಹೇಗೆ? ವಿಜಯಪುರದಿಂದ ಒಂದು ಮಾರ್ಗದರ್ಶಿ

ಜುಲೈ ತಿಂಗಳ ರಾತ್ರಿ ಎಂಟೂವರೆ. ನಮ್ಮ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲುವ ಹೊತ್ತಿಗೆ ಫ್ರಾನ್ಸಿನಲ್ಲಿ ಸಂಜೆ ಐದು ಗಂಟೆ. ಟೂರ್ ಡಿ ಫ್ರಾನ್ಸ್ ಎಂಬ ಸೈಕಲ್ ರೇಸ್‌ನ ಅಂದಿನ ಸ್ಟೇಜ್, ಅಂದರೆ ಆ ದಿನದ ಓಟ, ಕೊನೆಯ ಕಿಲೋಮೀಟರುಗಳಿಗೆ ಬಂದಿರುತ್ತದೆ. ನಾನು ತಾಟು ಹಿಡಿದು ಫೋನ್ ಮುಂದೆ ಕೂರುತ್ತೇನೆ, ಪಕ್ಕದಲ್ಲಿ ಒಂದು ನೋಟ್‌ಬುಕ್ ಇರುತ್ತದೆ. ಆ ನೋಟ್‌ಬುಕ್ ಯಾಕೆ ಬಂತು ಅನ್ನುವುದನ್ನು ಮೊದಲು ಹೇಳುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಹಳ್ಳಿಯ ಜಾತ್ರೆಯಲ್ಲಿ ಓಪನ್ ಸೈಕಲ್ ಸ್ಪರ್ಧೆ ಇತ್ತು. ನಾಲ್ಕು ಮಂದಿ ಗುಂಪು ಬಿಟ್ಟು ಮುಂದೆ ಬಂದಿದ್ದೆವು. ಎದುರು ಗಾಳಿ. ಅಂದು ನನ್ನ ಕಾಲು ಚೆನ್ನಾಗಿ ಓಡುತ್ತಿತ್ತು. ಆ ಖುಷಿಯಲ್ಲಿ ಹತ್ತು ಕಿ.ಮೀ. ನಾನೇ ಮುಂದೆ ನಿಂತು ಎಳೆದೆ. ಊರು ಇನ್ನೊಂದು ಕಿ.ಮೀ. ಇರುವಾಗ ಹಿಂದಿದ್ದ ಮೂವರೂ ನನ್ನನ್ನು ದಾಟಿ ಹೋದರು. ಸ್ಪರ್ಧೆ ನೋಡಲು ಬಂದಿದ್ದ ಹಿರಿಯ ಸೈಕ್ಲಿಸ್ಟ್ ಒಬ್ಬರು ನೀರಿನ ಬಾಟಲಿ ಕೊಡುತ್ತಾ ಕೇಳಿದರು.

"ಗಾಳಿ ಎಲ್ಲಾ ನೀನ ಕುಡದಿ ತಮ್ಮಾ. ಆ ಮೂರೂ ಮಂದಿ ನಿನ್ನ ನೆರಳಾಗ ಕುಂತ ಬಂದ್ರು. ಟಿವ್ಯಾಗ ರೇಸ್ ನೋಡ್ತಿ ಇಲ್ಲೋ?"

"ನೋಡ್ತೀನ್ರಿ ಕಾಕಾ."

"ಗೆದ್ದಾವ್ನ ನೋಡ್ತಿ. ಅದರಾಗ ಏನೂ ತಿಳಿಯಂಗಿಲ್ಲ. ಗೆಲ್ಲೂಕಿಂತ ಮೊದಲ ಅವ ಎಲ್ಲಿ ಕುಂತಿದ್ದ, ಅದನ್ನ ನೋಡು."

ಈ ಲೇಖನದಲ್ಲಿರುವುದು ಆ ಒಂದು ಮಾತಿನ ವಿವರ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಭಾಗದಲ್ಲಿ ಸೈಕಲ್ ರೇಸ್ ಓಡಿಸುವ ಹುಡುಗ ಹುಡುಗಿಯರಿಗೆ ಬರವಿಲ್ಲ. ನೌಕರಿ ಮಾಡುತ್ತಾ ಬೆಳಗ್ಗೆ ಅಭ್ಯಾಸ ಮಾಡುವ ನನ್ನಂಥವರೂ ಸಾಕಷ್ಟು ಇದ್ದಾರೆ. ನಮ್ಮಲ್ಲಿ ಬಹಳ ಜನರಿಗೆ ದಿನಾ ಕಲಿಸುವ ಕೋಚ್ ಇಲ್ಲ. ಆದರೆ ಜಗತ್ತಿನ ಅತಿ ಒಳ್ಳೆಯ ಸೈಕ್ಲಿಸ್ಟ್‌ಗಳು ವರ್ಷಕ್ಕೆ ಎಂಟು ತಿಂಗಳು ಕಣ್ಣೆದುರೇ ರೇಸ್ ಮಾಡುತ್ತಾರೆ. ನೋಡುವ ರೀತಿ ಗೊತ್ತಿದ್ದರೆ ಅದೇ ಒಂದು ಶಾಲೆ.

ಮೊದಲ ಹೆಜ್ಜೆ: ಎಲ್ಲವನ್ನೂ ನೋಡಬೇಡಿ

ಮಾರ್ಚ್‌ನಿಂದ ಅಕ್ಟೋಬರ್‌ವರೆಗೆ ಯುರೋಪಿನಲ್ಲಿ ಹೆಚ್ಚು ಕಡಿಮೆ ಪ್ರತಿ ವಾರ ಒಂದಲ್ಲ ಒಂದು ರೇಸ್ ಇರುತ್ತದೆ. ಎಲ್ಲ ನೋಡಲು ಹೋದರೆ ನಿದ್ದೆ ಕೆಡುತ್ತದೆ, ಬೆಳಗಿನ ಅಭ್ಯಾಸ ತಪ್ಪುತ್ತದೆ. ರೇಸ್ ನೋಡಿ ರೇಸ್ ಕೆಡಿಸಿಕೊಂಡ ಹಾಗಾಗುತ್ತದೆ, ಅಲ್ವಾ?

ದೊಡ್ಡ ರೇಸ್‌ಗಳು ಎರಡು ತರಹ. ಮೂರು ವಾರ ನಡೆಯುವ ಗ್ರ್ಯಾಂಡ್ ಟೂರ್‌ಗಳು ಮೂರು: ಮೇ ತಿಂಗಳಲ್ಲಿ ಇಟಲಿಯ ಜಿರೊ, ಜುಲೈನಲ್ಲಿ ಫ್ರಾನ್ಸಿನ ಟೂರ್, ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್‌ವರೆಗೆ ಸ್ಪೇನಿನ ವುಯೆಲ್ಟಾ. ಪ್ರತಿಯೊಂದರಲ್ಲೂ 21 ಸ್ಟೇಜ್. ಇನ್ನೊಂದು ತರಹದ್ದು ಒಂದೇ ದಿನದ ರೇಸ್. ಅವುಗಳಲ್ಲಿ ಐದನ್ನು ಮಾನ್ಯುಮೆಂಟ್ ಎಂದು ಕರೆಯುತ್ತಾರೆ. ಮಾರ್ಚ್‌ನಲ್ಲಿ ಮಿಲಾನ್–ಸ್ಯಾನ್ ರೆಮೊ, ಏಪ್ರಿಲ್‌ನಲ್ಲಿ ಟೂರ್ ಆಫ್ ಫ್ಲಾಂಡರ್ಸ್, ಪ್ಯಾರಿಸ್–ರೂಬೆ ಮತ್ತು ಲಿಯೇಜ್–ಬಾಸ್ಟೋನ್–ಲಿಯೇಜ್, ಅಕ್ಟೋಬರ್‌ನಲ್ಲಿ ಇಲ್ ಲೊಂಬಾರ್ದಿಯಾ. ಲಿಯೇಜ್ ಇವುಗಳಲ್ಲಿ ಎಲ್ಲಕ್ಕಿಂತ ಹಳೆಯದು, 1892ರಲ್ಲಿ ಶುರುವಾದದ್ದು. ಟೂರ್ ಡಿ ಫ್ರಾನ್ಸ್ ಶುರುವಾದದ್ದು 1903ರಲ್ಲಿ.

ನನ್ನ ಸಲಹೆ ಕೇಳಿದರೆ, ಮೊದಲ ವರ್ಷ ಒಂದು ಗ್ರ್ಯಾಂಡ್ ಟೂರ್ ಮತ್ತು ಎರಡು ಮಾನ್ಯುಮೆಂಟ್ ಸಾಕು. ಟೂರ್ ಡಿ ಫ್ರಾನ್ಸ್ ಹೇಗೂ ಇರಲಿ. ಅದರ ಜೊತೆ ಮಿಲಾನ್–ಸ್ಯಾನ್ ರೆಮೊ ನೋಡಲೇಬೇಕು ಅನ್ನುತ್ತೇನೆ. ಅದು ಹತ್ತಿರ ಹತ್ತಿರ 300 ಕಿ.ಮೀ. ರೇಸ್. ಹೆಚ್ಚಾಗಿ ನಿರ್ಧಾರವಾಗುವುದು ಮಾತ್ರ ಪೊಜ್ಜೊ ಎಂಬ ಸಣ್ಣ ಏರಿನಲ್ಲಿ. ಅದರ ಉದ್ದ 3.7 ಕಿ.ಮೀ., ಸರಾಸರಿ ಏರು ಶೇಕಡಾ 4ಕ್ಕಿಂತ ಕಡಿಮೆ. ಬೆಳಗಾವಿಯವರು ಯಳ್ಳೂರಿನ ರಾಜಹಂಸಗಡ ಹತ್ತುವಾಗ ಇದಕ್ಕಿಂತ ಕಡಿದಾದ ತುಂಡುಗಳನ್ನು ತುಳಿದಿರುತ್ತಾರೆ. ಹಾಗಿದ್ದೂ ಆರು ಗಂಟೆಗೂ ಹೆಚ್ಚು ಹೊತ್ತು ಸೈಕಲ್ ಮೇಲಿದ್ದ ಜಗತ್ತಿನ ಗಟ್ಟಿಗರು ಅಲ್ಲಿ ಚದುರಿ ಹೋಗುತ್ತಾರೆ. ದೊಡ್ಡ ಬೆಟ್ಟ ಕಾಣದ ವಿಜಯಪುರದ ಬಯಲಿನಲ್ಲಿ ಅಭ್ಯಾಸ ಮಾಡುವ ನಮಗೆ ಇದು ತುಂಬಾ ಹತ್ತಿರದ ಪಾಠ.

ಸಮಯದ ಲೆಕ್ಕ ಹೀಗೆ. ಮಾರ್ಚ್ ಕೊನೆಯ ಭಾನುವಾರದಿಂದ ಅಕ್ಟೋಬರ್ ಕೊನೆಯ ಭಾನುವಾರದವರೆಗೆ ಫ್ರಾನ್ಸ್, ಇಟಲಿ, ಸ್ಪೇನ್, ಬೆಲ್ಜಿಯಂ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತವೆ. ಉಳಿದ ತಿಂಗಳಲ್ಲಿ ನಾಲ್ಕೂವರೆ ಗಂಟೆ. ಹೆಚ್ಚಿನ ಸ್ಟೇಜ್‌ಗಳು ಅಲ್ಲಿ ಸಂಜೆ ಐದರಿಂದ ಐದೂವರೆಗೆ ಮುಗಿಯುತ್ತವೆ. ಅಂದರೆ ನಮಗೆ ಎಂಟೂವರೆಯಿಂದ ಒಂಬತ್ತು. ಹತ್ತಕ್ಕೆ ಮಲಗಿ ಐದಕ್ಕೆ ಏಳುವವರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಲೈವ್ ಸಿಗದ ದಿನ ಟೂರ್‌ನ ಅಧಿಕೃತ ಯೂಟ್ಯೂಬ್ ಚಾನಲ್‌ನಲ್ಲಿ ಹೈಲೈಟ್ಸ್ ನೋಡಬಹುದು. ಆದರೆ ವಾರಕ್ಕೆ ಒಂದಾದರೂ ಸ್ಟೇಜನ್ನು ಕೊನೆಯ ಒಂದು ಗಂಟೆ ಬಿಡದೆ ನೋಡಿ. ಹೈಲೈಟ್ಸ್‌ನಲ್ಲಿ ಅಟ್ಯಾಕ್, ಅಂದರೆ ಒಬ್ಬ ಇದ್ದಕ್ಕಿದ್ದಂತೆ ವೇಗ ಹೆಚ್ಚಿಸಿ ಉಳಿದವರನ್ನು ಬಿಟ್ಟು ಓಡುವುದು, ಕಾಣುತ್ತದೆ, ಅಟ್ಯಾಕ್‌ಗೆ ಮುಂಚಿನ ಹದಿನೈದು ನಿಮಿಷ ಕಾಣುವುದಿಲ್ಲ. ನಮಗೆ ಬೇಕಾದದ್ದು ಆ ಹದಿನೈದು ನಿಮಿಷ.

ಎರಡನೆಯದು: ಮುಂಚೆ ಹತ್ತು ನಿಮಿಷ ಓದಿ

ಪ್ರೊಸೈಕ್ಲಿಂಗ್‌ಸ್ಟ್ಯಾಟ್ಸ್ ಎಂಬ ವೆಬ್‌ಸೈಟ್ ಇದೆ. ಅಲ್ಲಿ ಆ ದಿನದ ದಾರಿಯ ಏರಿಳಿತದ ಚಿತ್ರ, ಯಾರು ಯಾವ ತಂಡದಲ್ಲಿದ್ದಾರೆ, ಹಿಂದಿನ ಫಲಿತಾಂಶ ಎಲ್ಲ ಸಿಗುತ್ತದೆ. ಚಿತ್ರ ನೋಡಿ ಮೂರು ವಿಷಯ ಬರೆದುಕೊಳ್ಳಿ. ಕೊನೆಯ ಏರು ಎಲ್ಲಿ ಮುಗಿಯುತ್ತದೆ, ಅಲ್ಲಿಂದ ರೇಸ್ ಮುಗಿಯುವ ಗೆರೆಗೆ ಎಷ್ಟು ದೂರ, ರಸ್ತೆ ಎಲ್ಲಿ ಕಿರಿದಾಗುತ್ತದೆ.

ಏರುಗಳಿಗೆ ದರ್ಜೆ ಇದೆ. ನಾಲ್ಕು ಅಂದರೆ ಸಣ್ಣದು, ಒಂದು ಅಂದರೆ ದೊಡ್ಡದು, ಅದಕ್ಕೂ ಮೇಲಿನದು ದರ್ಜೆ ಮೀರಿದ್ದು, ಎಚ್‌ಸಿ ಎಂದು ಬರೆದಿರುತ್ತದೆ. ಶೇಕಡಾ 8 ಅಂದರೆ 100 ಮೀಟರ್ ಹೋಗುವಷ್ಟರಲ್ಲಿ 8 ಮೀಟರ್ ಮೇಲೇರುತ್ತೀರಿ. ಅಂಕಿ ಹೇಳಿದರೆ ಮನಸ್ಸಿಗೆ ಹತ್ತುವುದಿಲ್ಲ, ಅದಕ್ಕೆ ನಾನು ಗೋಳಗುಮ್ಮಟದಿಂದ ಅಳೆಯುತ್ತೇನೆ. ಅದರ ಎತ್ತರ ಸುಮಾರು 51 ಮೀಟರ್. ಆಲ್ಪ್ ದುಯೆಜ್ ಬೆಟ್ಟದ ದಾರಿ 13.8 ಕಿ.ಮೀ., ಸರಾಸರಿ ಶೇಕಡಾ 8.1. ಒಟ್ಟು 1,100 ಮೀಟರಿಗೂ ಹೆಚ್ಚು ಏರು. ಅಲ್ಲಿ 21 ತಿರುವುಗಳಿವೆ. ಅಂದಾಜಿಗೆ ಪ್ರತಿ ತಿರುವಿಗೂ ಒಂದು ಗೋಳಗುಮ್ಮಟ ಹತ್ತಿದ ಹಾಗೆ. ಹೀಗೆ ನೋಡಿದ ಮೇಲೆ ಅಲ್ಲಿ ಹತ್ತುವವರ ಬಗ್ಗೆ ನನ್ನ ಗೌರವ ಜಾಸ್ತಿಯಾಯಿತು.

ನಿಮ್ಮ ಊರಿನ ಏರನ್ನೂ ಹೀಗೇ ತಿಳಿದುಕೊಳ್ಳಿ. ಸವದತ್ತಿಯ ಯಲ್ಲಮ್ಮನ ಗುಡ್ಡ ಇರಲಿ, ಚೋರ್ಲಾ ಘಾಟ್ ಇರಲಿ, ಸವಾರಿ ದಾಖಲಿಸುವ ಸ್ಟ್ರಾವಾ ಆ್ಯಪ್‌ನಲ್ಲಿ ಅದರ ಉದ್ದ ಮತ್ತು ಶೇಕಡಾವಾರು ನೋಡಿಕೊಳ್ಳಿ. ಪರದೆಯ ಮೇಲೆ ಶೇಕಡಾ 7 ಅಂತ ಬಂದಾಗ ನಿಮ್ಮ ತೊಡೆಗೆ ಅದು ಏನೆಂದು ನೆನಪಾಗಬೇಕು.

ಮೂರನೆಯದು: ಯಾರು ಯಾರಿಗಾಗಿ ತುಳಿಯುತ್ತಿದ್ದಾರೆ

ಹೊಸದಾಗಿ ನೋಡುವವರು ಇಲ್ಲೇ ಎಡವುತ್ತಾರೆ. ಗ್ರ್ಯಾಂಡ್ ಟೂರ್‌ನಲ್ಲಿ ಒಂದು ತಂಡಕ್ಕೆ ಎಂಟು ಮಂದಿ. ಗೆಲ್ಲಲು ಬಂದವರು ಒಬ್ಬರೋ ಇಬ್ಬರೋ. ಉಳಿದವರು ಅವರಿಗಾಗಿ ಗಾಳಿ ಒಡೆಯುತ್ತಾರೆ, ಕಾರಿನಿಂದ ನೀರು ತರುತ್ತಾರೆ, ಪಂಕ್ಚರ್ ಆದರೆ ತಮ್ಮ ಚಕ್ರವನ್ನೇ ಬಿಚ್ಚಿ ಕೊಡುತ್ತಾರೆ. ಇವರಿಗೆ ಡೊಮೆಸ್ಟಿಕ್ ಎನ್ನುತ್ತಾರೆ. ಅಂಥ ಒಬ್ಬ ಸಹಾಯಕ, ಅಮೆರಿಕದ ಸೆಪ್ ಕುಸ್, 2023ರಲ್ಲಿ ವುಯೆಲ್ಟಾವನ್ನೇ ಗೆದ್ದ. ಅವನು ಯಾರಿಗಾಗಿ ವರ್ಷಗಟ್ಟಲೆ ದುಡಿದಿದ್ದನೋ ಆ ಯೋನಾಸ್ ವಿಂಗೆಗೋರ್ ಎರಡನೆಯವನಾದ, ಪ್ರಿಮೋಜ್ ರೋಗ್ಲಿಚ್ ಮೂರನೆಯವನಾದ. ನನಗೆ ಈ ಆಟದಲ್ಲಿ ತುಂಬಾ ಪ್ರೀತಿಯ ಸಂಗತಿ ಇದು.

ಟೂರ್‌ನ ಜರ್ಸಿಗಳನ್ನು ಬೇಗ ಹೇಳಿಬಿಡುತ್ತೇನೆ. ಹಳದಿ, ಎಲ್ಲ ಸ್ಟೇಜ್‌ಗಳ ಸಮಯ ಕೂಡಿಸಿದಾಗ ಕಡಿಮೆ ಹೊತ್ತು ತೆಗೆದುಕೊಂಡವರಿಗೆ. ಹಸಿರು, ಗೆರೆಯಲ್ಲಿ ಮತ್ತು ದಾರಿ ಮಧ್ಯದ ಸ್ಪ್ರಿಂಟ್‌ಗಳಲ್ಲಿ ಹೆಚ್ಚು ಅಂಕ ಪಡೆದವರಿಗೆ. ಕೆಂಪು ಚುಕ್ಕೆಯದು ಬೆಟ್ಟಗಳ ಅಂಕಕ್ಕೆ. ಬಿಳಿ, ಎಳೆಯರಲ್ಲಿ ಮುಂದಿರುವವರಿಗೆ. ಜಿರೊದಲ್ಲಿ ಮೊದಲಿಗರದ್ದು ಗುಲಾಬಿ, ವುಯೆಲ್ಟಾದಲ್ಲಿ ಕೆಂಪು.

ಹಳದಿ ಜರ್ಸಿ ಸಮಯದ ಲೆಕ್ಕ ಅನ್ನುವುದನ್ನು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಳ್ಳಿ. 1989ರಲ್ಲಿ ಗ್ರೆಗ್ ಲೆಮಾಂಡ್ ಮೂರು ವಾರದ ಟೂರ್ ಗೆದ್ದದ್ದು ಬರೀ 8 ಸೆಕೆಂಡಿನಿಂದ. 2020ರಲ್ಲಿ ಸ್ಲೊವೇನಿಯಾದ ರೋಗ್ಲಿಚ್ ಕೊನೆಯಿಂದ ಎರಡನೇ ದಿನಕ್ಕೆ 57 ಸೆಕೆಂಡ್ ಮುಂದಿದ್ದ. ಅಂದು ಸಂಜೆಗೆ ಅದೇ ದೇಶದ 21 ವರ್ಷದ ತಾದೆಯ್ ಪೊಗಾಚಾರ್, ಒಬ್ಬೊಬ್ಬರೇ ಗಡಿಯಾರದ ವಿರುದ್ಧ ತುಳಿಯುವ ಟೈಮ್ ಟ್ರಯಲ್‌ನಲ್ಲಿ ಎಲ್ಲವನ್ನೂ ತಿರುಗಿಸಿ 59 ಸೆಕೆಂಡ್ ಮುಂದೆ ಹೋದ. ಆದ್ದರಿಂದ ಹಳದಿ ಜರ್ಸಿಯವನು ದಿನಾ ಗೆಲ್ಲುತ್ತಿಲ್ಲ ಅಂದರೆ ಸೋತಿದ್ದಾನೆ ಅಂತಲ್ಲ. ಅವನು ಇಂದು ಯಾರ ಮೇಲೆ ಕಣ್ಣಿಟ್ಟಿದ್ದಾನೆ ಅಂತ ಕೇಳಿಕೊಳ್ಳಿ.

ಮಹಿಳೆಯರ ಟೂರ್ ಅನ್ನೂ ಬಿಡಬೇಡಿ. 2022ರಿಂದ ಪ್ರತಿ ವರ್ಷ ನಡೆಯುತ್ತಿದೆ. 2024ರದ್ದನ್ನು ಹುಡುಕಿ ನೋಡಿ. ಡೆಮಿ ವೊಲ್ಲೆರಿಂಗ್ ಹಳದಿ ಜರ್ಸಿಯಲ್ಲಿದ್ದಾಗ ಗೆರೆಗೆ ಸುಮಾರು 6 ಕಿ.ಮೀ. ಇರುವಾಗ ಬಿದ್ದಳು. ಸಮತಟ್ಟು ಸ್ಟೇಜ್‌ನಲ್ಲಿ ಸಾಮಾನ್ಯವಾಗಿ ಕೊನೆಯ 3 ಕಿ.ಮೀ. ಒಳಗೆ ಬಿದ್ದರೆ ತನ್ನ ಗುಂಪಿನ ಸಮಯವನ್ನೇ ಕೊಡುವ ನಿಯಮ ಇದೆ. ಅವಳು ಬಿದ್ದದ್ದು ಆ ಗಡಿಯ ಹೊರಗೆ. ಒಂದೂಮುಕ್ಕಾಲು ನಿಮಿಷ ಹೋಯಿತು. ಕೊನೆಯ ದಿನ ಆಲ್ಪ್ ದುಯೆಜ್ ಮೇಲೆ ಸ್ಟೇಜ್ ಗೆದ್ದರೂ ಒಟ್ಟು ಲೆಕ್ಕದಲ್ಲಿ ಪೋಲೆಂಡಿನ ಕಾಸಿಯಾ ನೆವಿಯಾಡೋಮಾಗಿಂತ 4 ಸೆಕೆಂಡ್ ಹಿಂದುಳಿದಳು. ನಮ್ಮ ಭಾಗದ ಕ್ರೀಡಾ ಹಾಸ್ಟೆಲ್ ಹುಡುಗಿಯರ ಜೊತೆ ಕುಳಿತು ಒಮ್ಮೆ ಇದನ್ನು ನೋಡಿದೆ. ಕೊನೆಯ ಏರಿನಲ್ಲಿ ಯಾರೂ ಉಸಿರು ಬಿಡಲಿಲ್ಲ.

ನಾಲ್ಕನೆಯದು: ಒಬ್ಬರನ್ನೇ ಹಿಡಿಯಿರಿ

ಕೊನೆಯ 40 ಕಿ.ಮೀ. ಶುರುವಾದಾಗ ಒಬ್ಬ ಓಟಗಾರನನ್ನು ಆರಿಸಿಕೊಳ್ಳಿ. ಗೆಲ್ಲುವ ಅಭ್ಯರ್ಥಿ ಇರಲಿ, ಆದರೆ ಕಣ್ಣು ಅವನ ಜಾಗದ ಮೇಲಿರಲಿ. ಗುಂಪಿನಲ್ಲಿ ಎಷ್ಟನೆಯವನು? ಎಡಕ್ಕೋ ಬಲಕ್ಕೋ? ಮುಂದೆ ಅವನ ತಂಡದವರು ಎಷ್ಟು ಮಂದಿ ಉಳಿದಿದ್ದಾರೆ? ಪ್ರತಿ 5 ಕಿ.ಮೀ.ಗೆ ಒಮ್ಮೆ ಬರೆದುಕೊಳ್ಳಿ. ಹೆಲಿಕಾಪ್ಟರ್ ಚಿತ್ರ ಬಂದಾಗ ಎಣಿಸುವುದು ಸುಲಭ. ಮೊದಲ ಕೆಲವು ಸಲ ಕಾಮೆಂಟರಿ ಸದ್ದು ಕಡಿಮೆ ಮಾಡಿ. ಅವರು ಜೋರಾಗಿ ಹೇಳಿದ ಕಡೆಗೇ ನಮ್ಮ ಕಣ್ಣು ಓಡುತ್ತದೆ.

ಮೂರು ನಾಲ್ಕು ಸ್ಟೇಜ್ ಹೀಗೆ ನೋಡಿದರೆ ಒಂದು ವಿಷಯ ತಾನಾಗಿ ಕಾಣುತ್ತದೆ. ಕಿರಿದಾದ ರಸ್ತೆ, ಕಲ್ಲು ಹಾಸು ಅಥವಾ ಏರು ಬರುವ ಮುಂಚೆ ಗುಂಪಿನ ವೇಗ ಹೆಚ್ಚಾಗುತ್ತದೆ. ಏರು ಶುರುವಾಗಿರುವುದಿಲ್ಲ, ಜಾಗಕ್ಕಾಗಿ ಹೊಡೆದಾಟ ಶುರುವಾಗಿರುತ್ತದೆ. ಗೆಲ್ಲಬೇಕಾದವರು ಆಗಲೇ ಮೊದಲ ಹದಿನೈದರ ಒಳಗೆ ಬಂದಿರುತ್ತಾರೆ.

ಇದಕ್ಕೆ 2024ರ ಟೂರ್ ಆಫ್ ಫ್ಲಾಂಡರ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. ಕೊಪ್ಪನ್‌ಬರ್ಗ್ ಎಂಬ ಏರು, ಕಲ್ಲು ಹಾಸಿದ ಕಿರಿದಾದ ದಾರಿ, ಕಡಿದಾದ ಕಡೆ ಶೇಕಡಾ 20 ದಾಟುತ್ತದೆ. ಅಂದು ಮಳೆ ಬಿದ್ದು ಕಲ್ಲು ಜಾರುತ್ತಿತ್ತು. ಮುಂದಿದ್ದ ಕೆಲವೇ ಮಂದಿ ತುಳಿದುಕೊಂಡು ಹತ್ತಿದರು. ಹಿಂದೆ ಒಬ್ಬ ಜಾರಿದರೆ ಅವನ ಹಿಂದಿನವನು ಕಾಲೂರಬೇಕು, ಅವನ ಹಿಂದಿನವನೂ ನಿಲ್ಲಬೇಕು. ಹೆಚ್ಚಿನವರು ಸೈಕಲ್ ತಳ್ಳಿಕೊಂಡು ನಡೆದರು. ಮಾಥ್ಯೂ ವಾನ್ ಡರ್ ಪೋಲ್ ಅಲ್ಲಿಂದ ಒಬ್ಬನೇ ಹೋಗಿ ಸುಮಾರು 45 ಕಿ.ಮೀ. ತುಳಿದು ಗೆದ್ದ. ಅವನ ಕಾಲಿನ ಶಕ್ತಿಯ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಹಿಂದೆ ನಡೆದುಕೊಂಡು ಬಂದವರಲ್ಲೂ ಗಟ್ಟಿ ಕಾಲಿನವರಿದ್ದರು. ಅವರ ಜಾಗ ಕೆಟ್ಟದಾಗಿತ್ತು, ಅಷ್ಟೇ.

ನಮ್ಮ ಸ್ಪರ್ಧೆಗಳಲ್ಲಿ ಕೊಪ್ಪನ್‌ಬರ್ಗ್ ಇಲ್ಲ. ಆದರೆ ಊರೊಳಗಿನ ಸ್ಪೀಡ್ ಬ್ರೇಕರ್ ಇದೆ. ಮುಂದಿನ ಐದು ಮಂದಿ ಸರಾಗ ದಾಟಿ ತುಳಿಯಲು ಶುರು ಮಾಡಿರುತ್ತಾರೆ. ಇಪ್ಪತ್ತನೆಯವನು ಇನ್ನೂ ಬ್ರೇಕ್ ಹಿಡಿದಿರುತ್ತಾನೆ. ಆಮೇಲೆ ಅಂತರ ಮುಚ್ಚಲು ಜೀವ ಬಿಡಬೇಕು. ಪ್ರತಿ ಬ್ರೇಕರ್‌ಗೂ ಹೀಗೆ ಒಂದು ಸ್ಪ್ರಿಂಟ್ ಹೊಡೆದರೆ ಕೊನೆಗೆ ಏನು ಉಳಿಯುತ್ತದೆ?

ಐದನೆಯದು: ಗಾಳಿಯನ್ನು ಓದಲು ಕಲಿಯಿರಿ

ಈ ಭಾಗಕ್ಕೆ ನಾನು ಹೆಚ್ಚು ಜಾಗ ಕೊಡುತ್ತೇನೆ, ಯಾಕೆಂದರೆ ನಮ್ಮ ನೆಲದ ಪಾಠ ಇದೇ. ಯುರೋಪಿನವರಿಗೆ ಆಲ್ಪ್ಸ್ ಇದೆ, ನಮಗೆ ಗಾಳಿ ಇದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎರೆ ಹೊಲಗಳ ಮೇಲೆ ಪಡುವಣದಿಂದ ಬೀಸುವ ಗಾಳಿಗೆ ಅಡ್ಡ ನಿಲ್ಲಲು ಮರವೂ ಇಲ್ಲ.

ಸಮತಟ್ಟು ರಸ್ತೆಯಲ್ಲಿ ನಮ್ಮ ಶಕ್ತಿಯ ಬಹುಪಾಲು ಗಾಳಿಯನ್ನು ಸೀಳಲು ಹೋಗುತ್ತದೆ. ವೇಗ ಎರಡು ಪಟ್ಟಾದರೆ ಅದಕ್ಕೆ ಬೇಕಾದ ಶಕ್ತಿ ಎಂಟು ಪಟ್ಟಿನ ಹತ್ತಿರ ಹೋಗುತ್ತದೆ. ಮುಂದಿನವನ ಚಕ್ರಕ್ಕೆ ಹತ್ತಿರ ಕುಳಿತವನಿಗೆ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಆ ಜಾತ್ರೆಯ ಸ್ಪರ್ಧೆಯಲ್ಲಿ ನಾನು ಮೂವರಿಗೆ ಉಚಿತವಾಗಿ ಕೊಟ್ಟದ್ದು ಇದನ್ನೇ.

ಎದುರು ಗಾಳಿಯಾದರೆ ನೆರಳು ನೇರ ಹಿಂದೆ. ಅಡ್ಡ ಗಾಳಿಯಾದರೆ ನೆರಳು ಪಕ್ಕಕ್ಕೆ ಸರಿಯುತ್ತದೆ. ಗಾಳಿ ಬಲದಿಂದ ಬಂದರೆ ಮುಂದಿನವನ ಹಿಂದೆ ಸ್ವಲ್ಪ ಎಡಕ್ಕೆ ಕೂರಬೇಕು. ನಿಮ್ಮ ಹಿಂದಿನವನು ನಿಮಗಿಂತ ಎಡಕ್ಕೆ. ಹೀಗೆ ಓರೆ ಸಾಲು ಮೂಡುತ್ತದೆ. ಇದಕ್ಕೆ ಎಷಲಾನ್ ಎನ್ನುತ್ತಾರೆ. ರಸ್ತೆಯ ಅಗಲ ಮುಗಿದ ಕಡೆ ಸಾಲೂ ಮುಗಿಯುತ್ತದೆ. ಅದರ ಹಿಂದಿನವರು ರಸ್ತೆಯ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಉದ್ದಕ್ಕೆ ನಿಂತು ಪೂರಾ ಗಾಳಿ ತಿನ್ನುತ್ತಾರೆ. ಅಲ್ಲಿ ಒಬ್ಬನ ಕಾಲು ಸೋತರೆ ದಾರ ಹರಿದ ಹಾಗೆ ಗುಂಪು ಎರಡಾಗುತ್ತದೆ.

2013ರ ಟೂರ್‌ನ 13ನೇ ಸ್ಟೇಜ್ ನೋಡಿ. ಚಿತ್ರದಲ್ಲಿ ಬೆಟ್ಟವೇ ಇಲ್ಲದ ದಿನ. ಅಡ್ಡ ಗಾಳಿ ಬೀಸಿತು, ಗುಂಪು ತುಂಡು ತುಂಡಾಯಿತು. ಎರಡನೇ ಸ್ಥಾನದಲ್ಲಿದ್ದ ಅಲೆಹಾಂದ್ರೊ ವಾಲ್ವೆರ್ದೆಯ ಚಕ್ರ ಕೆಟ್ಟ ಗಳಿಗೆಯಲ್ಲಿ ಮುರಿದು, ಗೆರೆ ಮುಟ್ಟುವಾಗ ಸುಮಾರು 10 ನಿಮಿಷ ಹಿಂದಿದ್ದ. ಹಳದಿ ಜರ್ಸಿಯ ಕ್ರಿಸ್ ಫ್ರೂಮ್ ಕೂಡ ಆಲ್ಬರ್ಟೊ ಕೊಂತಾದೋರ್‌ಗೆ 1 ನಿಮಿಷ 9 ಸೆಕೆಂಡ್ ಬಿಟ್ಟುಕೊಟ್ಟ. ಆ ಒಡಕು ಆಗುವ ಕ್ಷಣವನ್ನು ಹಿಂದೆ ಮುಂದೆ ಮಾಡಿ ನಾಲ್ಕು ಸಲ ನೋಡಿ. ದಾಳಿ ಮಾಡಿದವರು ಎಲ್ಲರೂ ಮುಂದೆ ಒಟ್ಟಿಗೆ ಇದ್ದರು.

ಈಗ ನಮ್ಮ ರಸ್ತೆಗೆ ಬನ್ನಿ. ವಿಜಯಪುರದಿಂದ ಕೊಲ್ಹಾರ ಕಡೆ ಹೋಗುವ ದಾರಿ ತೆಂಕಣಕ್ಕೆ ಸಾಗುತ್ತದೆ. ಮಳೆಗಾಲದ ಗಾಳಿ ಹೋಗುವಾಗ ಬಲಗೆನ್ನೆಗೆ, ಬರುವಾಗ ಎಡಗೆನ್ನೆಗೆ ಹೊಡೆಯುತ್ತದೆ. ಕೃಷ್ಣೆಯ ಸೇತುವೆ ಮೇಲಂತೂ ಸೈಕಲ್ಲೇ ಓರೆಯಾಗುತ್ತದೆ. ತಿಕೋಟಾ ಕಡೆ ಹೋದರೆ ಅದೇ ಗಾಳಿ ಎದುರಿಗೆ, ವಾಪಸ್ ಬರುವಾಗ ಬೆನ್ನಿಗೆ. ಎರಡು ರಸ್ತೆಯಲ್ಲಿ ಎಲ್ಲ ಪಾಠವೂ ಇದೆ.

ಆದರೆ ಎಚ್ಚರ. ಅವರ ರಸ್ತೆ ಬಂದ್ ಆಗಿರುತ್ತದೆ, ನಮ್ಮ ರಸ್ತೆಯಲ್ಲಿ ಲಾರಿ ಬರುತ್ತದೆ. ಗಾಳಿ ಎಡದಿಂದ ಬರುವಾಗ ಓರೆ ಸಾಲು ಬಲಕ್ಕೆ, ಅಂದರೆ ವಾಹನಗಳ ಕಡೆಗೆ ಬೆಳೆಯುತ್ತದೆ. ಆದ್ದರಿಂದ ಹೆದ್ದಾರಿಯಲ್ಲಿ ಓರೆ ಸಾಲು ಬೇಡ, ಸೇತುವೆ ಮೇಲೆ ಬೇಡವೇ ಬೇಡ. ಓಡಾಟ ಕಡಿಮೆ ಇರುವ ಒಳರಸ್ತೆಯಲ್ಲಿ, ಬೆಳಕು ಹರಿದ ಮೇಲೆ, ಇಬ್ಬರೇ ಅಭ್ಯಾಸ ಮಾಡಿ. ನಿಮ್ಮ ಮುಂದಿನ ಚಕ್ರ ಅವನ ಹಿಂದಿನ ಚಕ್ರದ ಪಕ್ಕಕ್ಕೆ ಬರುವುದರಿಂದ ಅವನು ಒಂದು ಗೇಣು ಸರಿದರೂ ನೀವು ಬೀಳುತ್ತೀರಿ. ಮುಂದಿನವನು ಸರಿಯುವ ಮುಂಚೆ ಕೂಗಿ ಹೇಳಲೇಬೇಕು. ಗುಂಡಿ, ಎಮ್ಮೆ, ರಸ್ತೆ ಮೇಲೆ ಒಣ ಹಾಕಿದ ತೊಗರಿ, ಎಲ್ಲಕ್ಕೂ ಕೈ ಸನ್ನೆ ಇಟ್ಟುಕೊಳ್ಳಿ.

ಆರನೆಯದು: ಬೆನ್ನಟ್ಟುವ ಲೆಕ್ಕ

ಪ್ರತಿ ಸ್ಟೇಜ್‌ನಲ್ಲೂ ಕೆಲವರು ಮೊದಲೇ ಮುಂದೆ ಓಡುತ್ತಾರೆ. ಅದು ಬ್ರೇಕ್‌ಅವೇ. ಹಿಂದಿನ ದೊಡ್ಡ ಗುಂಪು ಪೆಲೊಟನ್. ಗುಂಪು ಇವರನ್ನು ಯಾಕೆ ಬಿಡುತ್ತದೆ, ಯಾವಾಗ ಹಿಡಿಯುತ್ತದೆ ಅನ್ನುವುದಕ್ಕೆ ಫ್ರಾನ್ಸಿನ ಕಾಮೆಂಟೇಟರ್ ರೊಬೇರ್ ಶಾಪಾಟ್ ಹೆಸರಿನ ಹಳೆಯ ಲೆಕ್ಕ ಒಂದಿದೆ. ಗೆರೆಗೆ 10 ಕಿ.ಮೀ. ಇರುವಾಗ ಅಂತರ ಒಂದು ನಿಮಿಷಕ್ಕಿಂತ ಕಡಿಮೆ ಇದ್ದರೆ ಮುಂದಿನವರು ಸಿಕ್ಕಿಬೀಳುತ್ತಾರೆ.

ಕಾರಣ ಸುಲಭ. ದಣಿದ ಮೂವರು ಗಂಟೆಗೆ 45 ಕಿ.ಮೀ. ವೇಗದಲ್ಲಿ ಹೋದರೆ 10 ಕಿ.ಮೀ.ಗೆ 13 ನಿಮಿಷ 20 ಸೆಕೆಂಡ್. ಹಿಂದೆ ಸರದಿ ಮೇಲೆ ಎಳೆಯುವ ಗುಂಪು 50ರಲ್ಲಿ ಬಂದರೆ 12 ನಿಮಿಷ. ಒಂದು ನಿಮಿಷ 20 ಸೆಕೆಂಡ್ ಅಲ್ಲೇ ಮುಚ್ಚಿಹೋಯಿತು. ಇದು ಯಾವಾಗಲೂ ನಿಜವಾಗುವುದಿಲ್ಲ. ತಿರುವು ಜಾಸ್ತಿ ಇದ್ದರೆ, ಗುಂಪಿನಲ್ಲಿ ಯಾರು ಎಳೆಯಬೇಕೆಂದು ಜಗಳ ಬಿದ್ದರೆ ಮುಂದಿನವರು ಉಳಿಯುತ್ತಾರೆ. ನೋಡುವಾಗ 10 ಕಿ.ಮೀ. ಫಲಕ ಬಂದ ಕೂಡಲೇ ಅಂತರ ಬರೆದುಕೊಂಡು, ಸಿಗುತ್ತಾರೋ ಇಲ್ಲವೋ ಅಂತ ಮೊದಲೇ ಹೇಳಿ. ಕೊನೆಯ ಒಂದು ಕಿ.ಮೀ.ಗೆ ರಸ್ತೆ ಮೇಲೆ ಕೆಂಪು ಗುರುತು ತೂಗುಹಾಕಿರುತ್ತಾರೆ. ಅಷ್ಟರಲ್ಲಿ ನಿಮ್ಮ ಉತ್ತರ ಸರಿಯೋ ತಪ್ಪೋ ಗೊತ್ತಾಗಿರುತ್ತದೆ. ತಪ್ಪಾದರೆ ಯಾಕೆ ಅಂತ ಒಂದು ಸಾಲು ಬರೆಯಿರಿ.

ತಿನ್ನುವುದನ್ನೂ ಗಮನಿಸಿ

ಪ್ರೊಫೆಷನಲ್‌ಗಳು ಈಗ ಗಂಟೆಗೆ 90ರಿಂದ 120 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಾರೆ. ಹಸಿವಾಗುವ ತನಕ ಕಾಯುವುದಿಲ್ಲ. ನಾನು ಇದನ್ನು ಕೇಳಿ ಒಂದು ಸ್ಪರ್ಧೆಯಲ್ಲಿ ಅಭ್ಯಾಸವಿಲ್ಲದೆ ಅಷ್ಟೇ ತಿಂದೆ. ಹೊಟ್ಟೆ ಉಬ್ಬರಿಸಿ ಅರ್ಧಕ್ಕೆ ನಿಲ್ಲಿಸಬೇಕಾಯಿತು. ಹೊಟ್ಟೆಗೂ ತರಬೇತಿ ಬೇಕು. ಒಂದು ಗಂಟೆಯ ಸವಾರಿಗೆ ಏನೂ ಬೇಡ. ಎರಡು ಗಂಟೆ ದಾಟಿದರೆ ಗಂಟೆಗೆ 30ರಿಂದ 60 ಗ್ರಾಂ ಸಾಕು, ಕಡಿಮೆಯಿಂದ ಶುರು ಮಾಡಿ.

ದುಬಾರಿ ಜೆಲ್ ಬೇಕಿಲ್ಲ. ನಮ್ಮ ಜಿಲ್ಲೆಯ ಒಣದ್ರಾಕ್ಷಿ 40 ಗ್ರಾಂ ತಿಂದರೆ ಸುಮಾರು 30 ಗ್ರಾಂ ಕಾರ್ಬೋಹೈಡ್ರೇಟ್. ಒಂದು ಬಾಳೆಹಣ್ಣಿನಲ್ಲಿ 25ರ ಹತ್ತಿರ. ಬಾಟಲಿಗೆ ನಮ್ಮ ಇಂಡಿ ತಾಲೂಕಿನ ನಿಂಬೆ ಹಿಂಡಿ, ಸಕ್ಕರೆ ಮತ್ತು ಒಂದು ಚಿಟಿಕೆ ಉಪ್ಪು ಹಾಕಿ. ಶೇಂಗಾ ಚಿಕ್ಕಿ ರುಚಿ ನಿಜ, ಆದರೆ ಅದರ ಎಣ್ಣೆ ಅಂಶ ನಿಧಾನ ಕರಗುತ್ತದೆ. ಅದನ್ನು ಮನೆಗೆ ಬಂದ ಮೇಲೆ ಇಟ್ಟುಕೊಳ್ಳಿ.

ನಕಲು ಮಾಡಬಾರದ್ದು

ಇಳಿಜಾರಿನಲ್ಲಿ ಸೈಕಲ್ಲಿನ ಅಡ್ಡ ಪಟ್ಟಿ ಮೇಲೆ ಕೂತು ಬಗ್ಗಿ ಹೋಗುವ ಹಳೆಯ ವಿಡಿಯೊಗಳು ಇನ್ನೂ ಓಡಾಡುತ್ತವೆ. ಅದನ್ನು 2021ರಲ್ಲಿ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ನಿಷೇಧಿಸಿತು. ಹ್ಯಾಂಡಲ್ ಮೇಲೆ ಮುಂಗೈ ಊರಿ ಹೋಗುವುದಕ್ಕೂ ರೋಡ್ ರೇಸ್‌ನಲ್ಲಿ ಅವಕಾಶವಿಲ್ಲ. 2023ರಲ್ಲಿ ಸ್ವಿಟ್ಜರ್ಲೆಂಡಿನ ಗೀನೊ ಮೇಡರ್ ತನ್ನದೇ ದೇಶದ ರೇಸ್‌ನಲ್ಲಿ, ಬಂದ್ ಮಾಡಿದ ರಸ್ತೆಯ ಇಳಿಜಾರಿನಲ್ಲಿ ಬಿದ್ದು ತೀರಿಕೊಂಡ. ಅವನಿಗೆ 26 ವರ್ಷ. ಚೋರ್ಲಾದಲ್ಲಿ ಇಳಿಯುವಾಗ ನಾನು ಅವನನ್ನು ನೆನೆದು ಬ್ರೇಕ್ ಮೇಲೆ ಎರಡು ಬೆರಳು ಇಟ್ಟಿರುತ್ತೇನೆ.

ಅವರ ತೂಕವನ್ನೂ ನಕಲು ಮಾಡಬೇಡಿ. ಬೆಳೆಯುವ ಹುಡುಗರು ಊಟ ಬಿಟ್ಟು ತೂಕ ಇಳಿಸುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಅವರ ಹಿಂದೆ ವೈದ್ಯರು, ಅಡುಗೆಯವರು ಇರುತ್ತಾರೆ. ಇನ್ನೊಂದು ಮಾತು. ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್ 1999ರಿಂದ 2005ರವರೆಗೆ ಗೆದ್ದ ಏಳು ಟೂರ್‌ಗಳನ್ನು ಉದ್ದೀಪನ ಮದ್ದಿನ ಕಾರಣಕ್ಕೆ 2012ರಲ್ಲಿ ಕಿತ್ತುಕೊಂಡರು. ಈ ಆಟವನ್ನು ಪ್ರೀತಿಸುವವರು ಈ ಚರಿತ್ರೆಯನ್ನೂ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು.

ಅದೇ ಹೊತ್ತಿಗೆ ಎರಿಟ್ರಿಯಾದ ಬಿನಿಯಂ ಗಿರ್ಮಾಯ್ ಬಗ್ಗೆಯೂ ಹೇಳಿ. 2024ರ ಟೂರ್‌ನಲ್ಲಿ ಮೂರು ಸ್ಟೇಜ್ ಗೆದ್ದು ಹಸಿರು ಜರ್ಸಿ ತೊಟ್ಟ. ಅಲ್ಲಿಯವರೆಗೆ ಟೂರ್‌ನಲ್ಲಿ ಒಬ್ಬ ಕಪ್ಪು ಆಫ್ರಿಕನ್ನನೂ ಸ್ಟೇಜ್ ಗೆದ್ದಿರಲಿಲ್ಲ. ಸೈಕಲ್ ಅಂದರೆ ಪ್ರಾಣ ಬಿಡುವ ಬಡ ದೇಶದಿಂದ ಬಂದವನು ಅವನು. ನಮ್ಮ ಹಾಸ್ಟೆಲ್ ಹುಡುಗರ ಕಣ್ಣಿನಲ್ಲಿ ಆ ಹೆಸರು ಕೇಳಿದಾಗ ಕಾಣುವ ಹೊಳಪು ಬೇರೆ.

ಕೊನೆಯ ಹೆಜ್ಜೆ: ಭಾನುವಾರ ಆಡಿ ನೋಡಿ

ವಾರದಲ್ಲಿ ನೋಡಿದ್ದರಲ್ಲಿ ಒಂದೇ ಒಂದು ವಿಷಯವನ್ನು ಭಾನುವಾರ ರಸ್ತೆಗೆ ತನ್ನಿ. ಎರಡು ತಂದರೆ ಎರಡೂ ಆಗುವುದಿಲ್ಲ. ನಾವು ನಾಲ್ಕು ಮಂದಿ ಬೆಳಗ್ಗೆ ಆರಕ್ಕೆ ಗೋಳಗುಮ್ಮಟದ ಹತ್ತಿರ ಸೇರುತ್ತೇವೆ. ಊರು ದಾಟಿ ಓಡಾಟ ಕಡಿಮೆ ಇರುವ 10 ಕಿ.ಮೀ. ದಾರಿ ಆರಿಸಿಕೊಂಡಿದ್ದೇವೆ. ಒಬ್ಬರು ಬ್ರೇಕ್‌ಅವೇ, ಅವರು ಮೊದಲು ಹೊರಡುತ್ತಾರೆ. ಒಂದು ನಿಮಿಷ ಆದ ಮೇಲೆ ಮೂವರು ಸರದಿ ಮೇಲೆ ಎಳೆಯುತ್ತಾ ಬೆನ್ನಟ್ಟುತ್ತಾರೆ. ಒಬ್ಬೊಬ್ಬರಿಗೆ 30 ಸೆಕೆಂಡ್, ಅದಕ್ಕಿಂತ ಹೆಚ್ಚು ಮುಂದೆ ನಿಲ್ಲಬಾರದು. ಮುಂದೆ ನಿಂತವನು ಪಕ್ಕಕ್ಕೆ ಸರಿಯುವಾಗ ವೇಗ ಹೆಚ್ಚಿಸಬಾರದು, ಸುಮ್ನೆ ಕಾಲು ಸಡಿಲ ಬಿಡಬೇಕು. ಹೊಸಬರು ಮಾಡುವ ದೊಡ್ಡ ತಪ್ಪು ತಮ್ಮ ಸರದಿ ಬಂದ ಕೂಡಲೇ ಜೋರು ಮಾಡುವುದು. ಹಿಂದಿನ ಇಬ್ಬರೂ ಅಲ್ಲೇ ಕಳಚಿಕೊಳ್ಳುತ್ತಾರೆ. ಮೀಟರಿನಲ್ಲಿ ವೇಗ ನೋಡಿಕೊಂಡು ಅಷ್ಟನ್ನೇ ಕಾಯಿರಿ.

ಕಬ್ಬಿನ ಹಂಗಾಮಿನಲ್ಲಿ ಟ್ರ್ಯಾಕ್ಟರ್ ಓಡಾಟ ಶುರುವಾದರೆ ಈ ಆಟ ಬೇಡ. ಹೆಲ್ಮೆಟ್ ಇಲ್ಲದವರನ್ನು ನಾವು ಸೇರಿಸಿಕೊಳ್ಳುವುದಿಲ್ಲ.

ಕಳೆದ ಭಾನುವಾರ ಮುಂದೆ ಓಡುವ ಸರದಿ ನನ್ನದಿತ್ತು. ಗಾಳಿ ಎದುರಿಗಿತ್ತು. ಗೆರೆ ಅಂತ ಇಟ್ಟುಕೊಂಡ ಬೇವಿನ ಮರಕ್ಕೆ 800 ಮೀಟರ್ ಇರುವಾಗ ಮೂವರೂ ನನ್ನನ್ನು ಹಿಡಿದರು. ಈ ವಾರ ಅದೇ ದಾರಿಯಲ್ಲಿ ಒಂದು ನಿಮಿಷ 15 ಸೆಕೆಂಡ್ ಬಿಟ್ಟು ಹೊರಡುತ್ತಾರಂತೆ. ನೋಟ್‌ಬುಕ್ಕಿನಲ್ಲಿ ಅಂತರದ ಮುಂದೆ ಜಾಗ ಖಾಲಿ ಇಟ್ಟಿದ್ದೇನೆ.